ಜಗಲಿಯ ಮೇಲಿನ ಜನರೇಟರ್ ಇಳಿಸಿ

ನಮಸ್ಕಾರ.

‘ಮಳೆಗಾಲಕ್ಕೆ ಪೆಟ್ರೋಲ್ ಜನರೇಟರ್ ಸಿದ್ಧ ಮಾಡುವುದು ಹೇಗೆ’ ಎಂಬ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲಾರೆ. ಭಾಷೆಯ ಬಗ್ಗೆ ತಕರಾರಿಲ್ಲ. ನೀವು ಬರೆದದ್ದನ್ನು ನಂಬಿ ನಡೆದ ಓದುಗರ ಜೀವ ಹೋಗಬಹುದು, ತಕರಾರು ಅದು.

‘ಮಳೆ ನೀರು ಬೀಳದಂತೆ ಜಗಲಿಯ ಮೂಲೆಯಲ್ಲಿಟ್ಟು ಸ್ಟಾರ್ಟ್ ಮಾಡಿ’ ಎಂದಿದ್ದೀರಿ. ಮಲೆನಾಡಿನವರು ನೀವು, ನಡುಮನೆಯ ಬಾಗಿಲು ತೆರೆಯುವುದು ಎಲ್ಲಿಗೆ ಎಂದು ನಾನು ಹೇಳಬೇಕೆ? ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಎಚ್ಚರವಿದ್ದವರಿಗೆ ತಲೆನೋವು, ವಾಕರಿಕೆಯಾದರೂ ಗೊತ್ತಾದೀತು. ನಿದ್ದೆಯಲ್ಲಿದ್ದವರಿಗೆ ಅದೂ ಇಲ್ಲ. ಕಿಟಕಿ ತೆರೆದಿಟ್ಟರೆ, ಫ್ಯಾನ್ ಹಾಕಿದರೆ ಸಾಲದು. ಯಂತ್ರ ಅಂಗಳದಾಚೆ, ಮನೆಯಿಂದ ಕಡಿಮೆಯೆಂದರೂ 20 ಅಡಿ ದೂರದಲ್ಲಿರಬೇಕು. ಸೈಲೆನ್ಸರಿನ ಬಾಯಿ ಮನೆಯ ಕಡೆಗಿರಬಾರದು. ಮಳೆಗೆ ನಾಲ್ಕೂ ಕಡೆ ತೆರೆದಿರುವ ಒಂದು ಮಾಡು ಬೇಕು. ಅದನ್ನು ಕಟ್ಟುವ ಬಗೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ, ಅದನ್ನೇ ಬರೆಯಿರಿ.

ಎರಡನೆಯದು ಇನ್ನೂ ಕೆಟ್ಟದ್ದು. ಎರಡೂ ತುದಿಗೆ ಪ್ಲಗ್ ಇರುವ ವೈರನ್ನು ಜನರೇಟರಿನಿಂದ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದರೆ ‘ಇಡೀ ಮನೆಗೆ ಬೆಳಕು’ ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಆ ಕರೆಂಟು ಮೀಟರ್ ದಾಟಿ ಹೊರಗಿನ ಲೈನಿಗೂ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಅದನ್ನು ತಿರುವಿ 11,000 ವೋಲ್ಟಿಗೆ ಏರಿಸುತ್ತದೆ. ಲೈನ್ ಆಫ್ ಇದೆ ಎಂದುಕೊಂಡು ಮುರಿದ ಮರದ ಕೊಂಬೆ ತೆಗೆಯಲು ಲೈನ್‌ಮನ್ ಕಂಬ ಹತ್ತಿರುವ ಹೊತ್ತೂ ಅದೇ. ಎಲೆಕ್ಟ್ರಿಷಿಯನ್ ಕೈಯಲ್ಲಿ ಚೇಂಜ್‌ಓವರ್ ಸ್ವಿಚ್ (ಹೊರಗಿನ ಲೈನ್, ಜನರೇಟರ್ ಎರಡರಲ್ಲಿ ಒಂದನ್ನು ಮಾತ್ರ ಮನೆಗೆ ಜೋಡಿಸುವ ಸ್ವಿಚ್) ಹಾಕಿಸಿ, ಇಲ್ಲವೇ ದಪ್ಪ ವೈರಿನ ಎಕ್ಸ್‌ಟೆನ್ಷನ್‌ನಲ್ಲಿ ಬೇಕಾದ ಉಪಕರಣವನ್ನು ನೇರ ಜನರೇಟರಿಗೇ ಜೋಡಿಸಿ: ಇವೆರಡೇ ದಾರಿ. ಮೂರನೆಯದನ್ನು ಹೊಡೆದುಹಾಕಿ.

ಹಗ್ಗ ಎಳೆಯುವ ಭಾಗ ಚೆನ್ನಾಗಿದೆ. ಮೊದಲು ಮೆಲ್ಲಗೆ ಎಳೆದು, ಬಿಗಿ ಸಿಕ್ಕಿದ ಮೇಲೆ ಒಂದೇ ಸೆಳೆತ, ಆಮೇಲೆ ಚೋಕ್ ಹಿಂದಕ್ಕೆ: ಕೈಯಿಂದ ಮಾಡಿದವರ ಬರವಣಿಗೆ ಅದು. ಒಂದಕ್ಷರವನ್ನೂ ಮುಟ್ಟಬೇಡಿ. ಆದರೆ ಅಷ್ಟು ಗೊತ್ತಿರುವವರು ಎಂಜಿನ್ ಆಯಿಲ್ ಮಾತೇ ಎತ್ತಿಲ್ಲವಲ್ಲ! ಹೊಸ ಯಂತ್ರ ಸಾಮಾನ್ಯವಾಗಿ ಆಯಿಲ್ ಇಲ್ಲದೆಯೇ ಬರುತ್ತದೆ. ಸಮತಟ್ಟು ನೆಲದಲ್ಲಿಟ್ಟು ಕಡ್ಡಿ ಅದ್ದಿ ನೋಡುವುದು ಪೆಟ್ರೋಲಿಗಿಂತ ಮೊದಲು. ಹೋದ ವರ್ಷದ ಪೆಟ್ರೋಲ್ ಟ್ಯಾಂಕಿನಲ್ಲಿ, ಕಾರ್ಬ್ಯುರೇಟರಿನಲ್ಲಿ ಉಳಿದಿದ್ದರೆ ಬಸಿದು ತೆಗೆಯಬೇಕು. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ನೀರು ಹೀರುತ್ತದೆ, ನಮ್ಮ ಜುಲೈ ತಿಂಗಳ ಗಾಳಿಯಲ್ಲಂತೂ ಕೇಳುವುದೇ ಬೇಡ. ಎಂಜಿನ್ ಓಡುತ್ತಿರುವಾಗ ಪೆಟ್ರೋಲ್ ಸುರಿಯುವ ಚಿತ್ರ ಕಳಿಸಿದ್ದೀರಿ, ಅದು ಬೇಡ. ಆಫ್ ಮಾಡಿ, ತಣ್ಣಗಾದ ಮೇಲೆ ತುಂಬುವ ಚಿತ್ರ ಬೇಕು.

ಲೋಡ್ ಲೆಕ್ಕ ಎರಡು ಸಾಲಿನಲ್ಲಿ ಮುಗಿಯುತ್ತದೆ. 1 ಎಚ್‌ಪಿ ಪಂಪ್ ಎಂದರೆ 746 ವ್ಯಾಟ್ ಎಂದಷ್ಟೇ ಹೇಳಿ ಬಿಡಬೇಡಿ, ಸ್ಟಾರ್ಟ್ ಆಗುವಾಗ ಅದು ಹಲವು ಪಟ್ಟು ಎಳೆಯುತ್ತದೆ.

ಕೊನೆಯ ಪುಟದ ‘ಎಚ್ಚರಿಕೆಗಳು’ ತೆಗೆದುಹಾಕಿ. ಅಷ್ಟು ಹೊತ್ತಿಗೆ ಓದುಗರು ಹಗ್ಗ ಎಳೆದಾಗಿರುತ್ತದೆ. ಪ್ರತಿ ಎಚ್ಚರಿಕೆಯೂ ಆಯಾ ಕೆಲಸದ ಹಿಂದಿನ ವಾಕ್ಯದಲ್ಲಿ ಬರಲಿ.

ತಿದ್ದಿದ ಪ್ರತಿ ಏಪ್ರಿಲ್ ಕೊನೆಯೊಳಗೆ ಸಿಕ್ಕರೆ ಮೇ ಸಂಚಿಕೆಗೆ ಹಾಕುತ್ತೇನೆ. ಜೂನ್ ಆದರೆ ಬೇಡ.

— ಸಂಪಾದಕ