ಮಕ್ಕಳ ಸಂತೆ ಮುಗಿಯಿತು, ಲೆಕ್ಕ ಎಲ್ಲಿ?

ಪ್ರಶ್ನೆ: ನಮ್ಮ ಶಾಲೆಯಲ್ಲಿ ಪ್ರತಿವರ್ಷ ಮಕ್ಕಳ ಸಂತೆ ನಡೆಸುತ್ತೇವೆ. ಆದರೂ ಏಳನೇ ತರಗತಿಯವರಿಗೆ ಲಾಭ-ನಷ್ಟ ತೊಡಕೇ. ಏಕೆ?

ಉತ್ತರ: ಈ ಪ್ರಶ್ನೆ ಸಂತೆಯ ಹಂಗಾಮಿನಲ್ಲಿ ತಪ್ಪದೆ ಬರುತ್ತದೆ. ನೀವು ಮಾಡಿದ್ದು ಜಾತ್ರೆ. ಸೊಪ್ಪು ತಂದವರು ಅಪ್ಪ, ದರ ಹೇಳಿದವರು ಅಮ್ಮ, ಕೊಂಡವರು ಮೇಷ್ಟ್ರು. ಮಗು ಕೂಗಿತು, ಅಷ್ಟೇ. ಸಂಜೆ ಡಬ್ಬಿಯಲ್ಲಿದ್ದದ್ದೆಲ್ಲ ‘ಲಾಭ’. ಬೆಳಿಗ್ಗೆ ಚಿಲ್ಲರೆಗೆಂದು ಹಾಕಿದ 50 ರೂಪಾಯಿಯೂ ಅದರಲ್ಲೇ!

ನಾಲ್ವರ ಗುಂಪಿಗೆ 150 ರೂಪಾಯಿ ಸಾಲ ಕೊಡಿ. ಮನೆಯಿಂದ ಸಕ್ಕರೆ ತಂದರೆ ಅದಕ್ಕೂ ಬೆಲೆ ಹಾಕಿಸಿ, ಅಮ್ಮನ ಡಬ್ಬಿ ಪುಕ್ಕಟೆಯಲ್ಲ. ನಿಂಬೆ ಶರಬತ್ತೇ ಆಗಲಿ: 4 ರೂಪಾಯಿಯ 15 ಹಣ್ಣಿಗೆ 60, ಒಂದು ಕಿಲೋ ಸಕ್ಕರೆಗೆ 45, ಐವತ್ತು ಕಾಗದದ ಲೋಟಕ್ಕೆ 45. ಹಣ್ಣಿಗೆ ಮೂರು ಲೋಟ, ಲೋಟಕ್ಕೆ 20 ಗ್ರಾಂ ಸಕ್ಕರೆ ಎಂದರೆ 45 ಲೋಟ.

ದರ ನೀವು ಹೇಳಬೇಡಿ. 5ಕ್ಕೆ ಮಾರಿದರೆ 30ನೇ ಲೋಟಕ್ಕೆ ಅಸಲು ಬರುತ್ತದೆ, 10ಕ್ಕಾದರೆ 15ನೆಯದಕ್ಕೇ. 5ರ ಗುಂಪು ನಲವತ್ತೈದೂ ಮಾರಿ 225 ತಂದಿತು, 10ರ ಗುಂಪು 25 ಲೋಟಕ್ಕೇ ನಿಂತು 250 ತಂದಿತು ಎನ್ನೋಣ. ಡಬ್ಬಿ ನೋಡಿದರೆ ಲಾಭ 75 ಮತ್ತು 100. ಈಗ ಉಳಿದ ಸರಕು ಎಣಿಸಿ. ಮೊದಲ ಗುಂಪಿನ ಬಳಿ 9 ರೂಪಾಯಿಯದು. ಎರಡನೆಯದರಲ್ಲಿ ಆರು ಹಣ್ಣು, ಅರ್ಧ ಕಿಲೋ ಸಕ್ಕರೆ, 25 ಲೋಟ: ಒಟ್ಟು 69. ಲಾಭ 84 ಮತ್ತು 169 ಆಯಿತು. ಆದರೆ ಬೆಳಿಗ್ಗೆಯೇ ಬಕೆಟ್ ತುಂಬ ಕಲಸಿಟ್ಟಿದ್ದರೆ 20 ಲೋಟ ಶರಬತ್ತು ಚರಂಡಿಗೆ ಹೋಗಿ, 169 ಇದ್ದದ್ದು 127ಕ್ಕೆ ಇಳಿಯುತ್ತದೆ.

ಹಾಗಾದರೆ ಎಷ್ಟೆಷ್ಟು ಕಲಸಬೇಕು? ಕೊನೆಯ ಅರ್ಧ ಗಂಟೆ ದರ ಇಳಿಸಬೇಕೇ? ಉಳಿದ ನಿಂಬೆಹಣ್ಣನ್ನು ಕೊಂಡ ಬೆಲೆಗೇ ಹಿಡಿಯಬಹುದೇ? ಮಕ್ಕಳು ಜಗಳವಾಡಲಿ, ಮಧ್ಯೆ ಬಾಯಿ ಹಾಕಬೇಡಿ. ಸೃಜನಶೀಲತೆ ಬೆಳೆಯುವುದು ಆ ಜಗಳದಲ್ಲಿ. ನೀವು ಥರ್ಮಾಕೋಲ್ ಅಂಗಡಿಗೆ ಬಹುಮಾನ ಕೊಡುತ್ತೀರಿ. ಮರುದಿನ ಎರಡು ಪೀರಿಯಡ್ ಈ ಲೆಕ್ಕಕ್ಕೇ ಮೀಸಲಿಡಿ. ಅದಿಲ್ಲದಿದ್ದರೆ ಸಂತೆಯೇ ಬೇಡ. ಲಾಭದ ಶೇಕಡಾ ಅಸಲಿನ ಮೇಲೆ ಎಂಬುದನ್ನು ಗಣಿತ ಶಿಕ್ಷಕರಿಗೆ ನಾನು ಹೇಳಬೇಕಿಲ್ಲ.

ಪ್ರಶ್ನೆ: ಸಂತೆಯಲ್ಲಿ ಕ್ಯೂಆರ್ ಕೋಡ್ ಇಡಬಹುದೇ?

ಉತ್ತರ: ಬೇಡ. ಚಿಲ್ಲರೆ ವಾಪಸ್ ಕೊಡುವುದೇ ಅರ್ಧ ಪಾಠ.

ಪ್ರಶ್ನೆ: ‘ಪುಟಾಣಿ ಉದ್ಯಮಿ’ ಶಿಬಿರಕ್ಕೆ 6,000 ಕೇಳುತ್ತಿದ್ದಾರೆ. ಬುದ್ಧಿ ಚುರುಕಾಗುತ್ತದಂತೆ?

ಉತ್ತರ: ವ್ಯಾಪಾರ ಕಲಿತವರು ಅವರೇ. ಮಗುವನ್ನು ವಾರಕ್ಕೊಮ್ಮೆ ತರಕಾರಿ ಪೇಟೆಗೆ ಕಳಿಸಿ.

ಪ್ರಶ್ನೆ: ವ್ಯಾಪಾರದಿಂದ ಗಣಿತ ಕಲಿಸುವುದು ವಿದೇಶಿ ಪದ್ಧತಿಯಲ್ಲವೇ?

ಉತ್ತರ: 12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲಿ ಬರೆದ ಗಣಿತಗ್ರಂಥದ ಹೆಸರೇ ‘ವ್ಯವಹಾರಗಣಿತ’.

ಪ್ರಶ್ನೆ: ದರ ಶೇ 20 ಏರಿಸಿ ಶೇ 20 ರಿಯಾಯಿತಿ ಕೊಟ್ಟರೆ ಮೊದಲಿನ ದರವೇ ಅಲ್ಲವೇ? ಮಗ ಅಲ್ಲ ಎನ್ನುತ್ತಾನೆ.

ಉತ್ತರ: ಮಗ ಸರಿ. 100 ಇದ್ದದ್ದು 120 ಆಯಿತು, 120ರ ಶೇ 20 ಎಂದರೆ 24, ಉಳಿದದ್ದು 96. ಮುಂದಿನ ಸಲ ‘ಯಾವುದರ ಶೇ 20?’ ಎಂದು ನೀವೇ ಅವನನ್ನು ಕೇಳಿ.