ಒಣನಾಡಿನ ಆಕ್ರಮಣಕಾರಿ ಹುಲ್ಲಿನ ಮೇಲೆ ಪಿಎಚ್.ಡಿ. ಮಾಡಲು ಅಮೆರಿಕಕ್ಕೇ ಹೋಗಬೇಕೇ?

ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಒಣ ಪ್ರದೇಶಗಳನ್ನು ಆಕ್ರಮಿಸುವ ಹುಲ್ಲುಗಳ ಮೇಲೆ ಸಂಶೋಧನೆಗೆ ಎಲ್ಲಿಗೆ ಹೋಗಲಿ ಎಂದು ಕೇಳಿದ್ದೀರಿ. ನಾನು ಗದಗದವಳು, ಪುಣೆಯಲ್ಲಿ ಹುಲ್ಲುಗಾವಲುಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಎಲ್ಲಿಗೆ ಹೋಗಬೇಕೆಂಬುದು ಆಮೇಲಿನ ಮಾತು. ಮೊದಲು ಒಂದು ಮಳೆಗಾಲ ಇಲ್ಲಿಯ ಗುಡ್ಡಗಳಲ್ಲಿ ಅಲೆಯಿರಿ.

ಕಾರಣವಿದೆ. ಅಮೆರಿಕದ ಅರಿಜೋನಾ ರಾಜ್ಯದ ಸೊನೋರನ್ ಮರುಭೂಮಿಯನ್ನು ಕಾಡುತ್ತಿರುವ ಬಫೆಲ್ ಹುಲ್ಲು ಬೇರೆ ಯಾವುದೂ ಅಲ್ಲ, ನಮ್ಮ ಅಂಜನ್ ಹುಲ್ಲು, ಸೆಂಕ್ರಸ್ ಸಿಲಿಯಾರಿಸ್. ಆಫ್ರಿಕಾದಿಂದ ಭಾರತದವರೆಗೂ ಅದರ ತವರು. 1930ರ ದಶಕದಲ್ಲಿ ದನಗಳ ಮೇವಿಗೆಂದು, ಮಣ್ಣಿನ ಸವಕಳಿ ತಡೆಯಲೆಂದು ಅಲ್ಲಿಗೆ ಒಯ್ದರು. ಆ ಮರುಭೂಮಿಯಲ್ಲಿ ಗಿಡಕ್ಕೂ ಗಿಡಕ್ಕೂ ನಡುವೆ ಬರಿನೆಲ; ಕಿಡಿ ಬಿದ್ದರೂ ಬೆಂಕಿ ದಾಟಲು ದಾರಿಯಿರಲಿಲ್ಲ. ಆ ಬರಿನೆಲವನ್ನೇ ಈ ಹುಲ್ಲು ತುಂಬಿತು. ಬೆಂಕಿ ಹಾಯ್ದ ಮೇಲೆ ಹುಲ್ಲು ಬುಡದಿಂದ ಮತ್ತೆ ಚಿಗುರುತ್ತದೆ, ನೂರು ವರ್ಷ ದಾಟಿ ಬಾಳುವ ಸಗ್ವಾರೊ ಕಳ್ಳಿ ಬೆಂದು ಸಾಯುತ್ತದೆ. ರಾಜಸ್ಥಾನದಲ್ಲಾದರೆ ಇದೇ ಹುಲ್ಲನ್ನು ಬೀಜ ಬಿತ್ತಿ ಬೆಳೆಸುತ್ತಾರೆ.

ತವರಿನಲ್ಲಿ ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿರುವುದು ಯಾವುದು? ಕುರಿಗಳ ಬಾಯಿಯೇ, ನೆರೆಹುಲ್ಲುಗಳ ಪೈಪೋಟಿಯೇ, ಮಣ್ಣಿನ ಸೂಕ್ಷ್ಮಜೀವಿಗಳೇ? ನನ್ನನ್ನು ಹಿಡಿದಿರುವ ಪ್ರಶ್ನೆ ಇದು. ಅರಿಜೋನಾದವರು ಇದಕ್ಕಾಗಿ ಸಾಗರ ದಾಟಿ ಬರಬೇಕು. ನಾನು ಪುಣೆಯ ಸ್ವಾರಗೇಟ್ ನಿಲ್ದಾಣದಲ್ಲಿ ಹತ್ತಿರದ ಸಾಸವಡ ಊರಿನ ಬಸ್ ಹತ್ತಿದರೆ ಸಾಕು.

ಆದರೆ ಹುಲ್ಲು ಗುರುತಿಸಲು ಬರಬೇಕು. ಮೊದಲ ವರ್ಷ ಜುಲೈನಲ್ಲಿ ಎರಡು ಜಾತಿಗಳನ್ನು ಒಂದೇ ಎಂದು ಎಣಿಸಿ, ತಿಂಗಳ ಲೆಕ್ಕವನ್ನೆಲ್ಲ ಕೆಡಿಸಿಕೊಂಡು ಅತ್ತಿದ್ದೇನೆ. ತೆನೆ ಬಂದಾಗ ಕಷ್ಟವಿಲ್ಲ, ಅಂಜನ್ ತೆನೆ ಅಳಿಲಿನ ಬಾಲದಂತಿರುತ್ತದೆ. ಎಳೆಯದಾಗಿದ್ದರೆ ಎಲೆಯನ್ನು ಮೆಲ್ಲಗೆ ಹಿಂದಕ್ಕೆ ಬಗ್ಗಿಸಿ, ಕಾಂಡಕ್ಕೆ ಕೂಡುವ ಸಂದಿಯನ್ನು ಮಸೂರದಲ್ಲಿ ನೋಡಿ: ಅಂಜನ್‌ಗೆ ಅಲ್ಲಿ ಸಣ್ಣ ಕೂದಲಿನ ಸಾಲು, ಕೆಲವು ಹುಲ್ಲುಗಳಿಗೆ ತೆಳುಪೊರೆ. ವಿಜಯಪುರದ ನನ್ನ ಸಹಪಾಠಿ ಕುರಿ ಸಾಕುವ ಮನೆಯವನು. ಮಸೂರ ಮುಟ್ಟದೆ, ಬುಡದ ಗಂಟನ್ನು ಬೆರಳಿನಲ್ಲಿ ಹಿಸುಕಿಯೇ ಹೇಳಿಬಿಡುತ್ತಾನೆ. ಹುಲ್ಲು ಎಣಿಸಲು ನೆಲದ ಮೇಲೆ ಗುರುತು ಮಾಡಿದ ಒಂದು ಮೀಟರ್ ಚೌಕದ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಅವನು ಕನ್ನಡದಲ್ಲಿ ಎಣಿಸುತ್ತಾನೆ, ನಾನು ಬರೆದುಕೊಳ್ಳುತ್ತೇನೆ. ಅಷ್ಟು ಕೈಪಳಗಿದ ಜೊತೆಗಾರ ಸಿಕ್ಕರೆ ಬಿಡಬೇಡಿ.

ಕನಿಷ್ಠ ಎರಡು ಮಳೆಗಾಲದ ಲೆಕ್ಕ ಬೇಕು. ಮಳೆ ಕೈಕೊಟ್ಟ ಒಂದೇ ವರ್ಷವನ್ನು ನಂಬಿ ಬರೆದರೆ ಹುಲ್ಲಿನ ಸ್ವಭಾವವೆಂದು ಬರದ ಸ್ವಭಾವವನ್ನು ಬರೆದಂತಾಗುತ್ತದೆ.

ಅಮೆರಿಕದ ಮಾರ್ಗದರ್ಶಕರಿಗೇ ಪತ್ರ ಬರೆಯುವುದಾದರೂ, ನಿಮಗೆ ಇಷ್ಟವಾದ ಹುಲ್ಲಿನ ಹೆಸರನ್ನಲ್ಲ, ಅದರ ಬಗ್ಗೆ ನಿಮಗಿರುವ ಪ್ರಶ್ನೆಯನ್ನು ಬರೆಯಿರಿ. ಜೊತೆಗೆ ನೀವೇ ಕುಳಿತು ಎಣಿಸಿದ ಒಂದು ಚೌಕದ ಲೆಕ್ಕವಿರಲಿ.