ಡಯಾಲಿಸಿಸ್‌ನಲ್ಲಿರುವವರಿಗೆ ಥೈರಾಯ್ಡ್ ಮಾತ್ರೆ ಬೇಕೇ?

ಪ್ರಶ್ನೆ: ನನ್ನ ತಾಯಿಗೆ 58 ವರ್ಷ. ಮೂತ್ರಪಿಂಡಗಳ ವೈಫಲ್ಯದಿಂದಾಗಿ ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಾಡಿಸುತ್ತಿದ್ದೇವೆ. ಈಚೆಗೆ ವಿಪರೀತ ಸುಸ್ತು. ಬೇಸಿಗೆಯಲ್ಲೂ ಕಂಬಳಿ ಹೊದ್ದು ಮಲಗುತ್ತಾರೆ. ಪರೀಕ್ಷೆಯಲ್ಲಿ ಟಿಎಸ್‌ಎಚ್ 7.2 ಬಂದಿದೆ, ಟಿ3 ಕಡಿಮೆ, ಟಿ4 ಸರಿಯಾಗಿದೆ. ನನ್ನ ಅಕ್ಕ ನುಂಗುವ ಥೈರಾಯ್ಡ್ ಮಾತ್ರೆಯನ್ನೇ ಅಮ್ಮನಿಗೂ ಕೊಡಬಹುದೇ?
– ಹೆಸರು ಬೇಡ, ಮಂಡ್ಯ

ಉತ್ತರ: ದಯವಿಟ್ಟು ಕೊಡಬೇಡಿ. ಥೈರಾಯ್ಡ್ ಗ್ರಂಥಿ ಮುಖ್ಯವಾಗಿ ಸ್ರವಿಸುವುದು ಟಿ4 ಹಾರ್ಮೋನನ್ನು. ದೇಹಕ್ಕೆ ಬೇಕಾದ ಟಿ3ಯ ಹೆಚ್ಚಿನ ಪಾಲು ಯಕೃತ್ತು, ಮೂತ್ರಪಿಂಡ ಮೊದಲಾದ ಅಂಗಗಳಲ್ಲಿ ಆ ಟಿ4ನಿಂದಲೇ ತಯಾರಾಗುತ್ತದೆ. ಮೂತ್ರಪಿಂಡಗಳು ಸೋತು, ರಕ್ತದಲ್ಲಿ ಆಮ್ಲೀಯತೆ ಹೆಚ್ಚಿ, ಊಟವೂ ಸೇರದಂತಾದಾಗ ಈ ಪರಿವರ್ತನೆ ಕುಗ್ಗುವುದರಿಂದ, ಗ್ರಂಥಿ ಆರೋಗ್ಯವಾಗಿದ್ದರೂ ವರದಿಯಲ್ಲಿ ಟಿ3 ಕಡಿಮೆ ಕಾಣುತ್ತದೆ. ಇದಕ್ಕೆಂದೇ ಮಾತ್ರೆ ಕೊಡುವ ಪದ್ಧತಿಯಿಲ್ಲ. ಮೂತ್ರದಲ್ಲಿ ಹೋಗಬೇಕಾದ ಅಯೋಡಿನ್ ದೇಹದಲ್ಲೇ ಉಳಿಯುವುದರಿಂದ ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಟಿಎಸ್‌ಎಚ್ ಹಾರ್ಮೋನು ಕೂಡ ತುಸು ಏರಬಹುದು.

ಟಿಎಸ್‌ಎಚ್ 10ನ್ನು ದಾಟಿ ಟಿ4 ಕೂಡ ಇಳಿದಿದ್ದರೆ ಅದು ಗ್ರಂಥಿಯದೇ ತೊಂದರೆ, ಚಿಕಿತ್ಸೆ ಬೇಕು. ನಿಮ್ಮ ತಾಯಿಯವರ ವರದಿ ಹಾಗಿಲ್ಲ. ಆರರಿಂದ ಎಂಟು ವಾರ ಬಿಟ್ಟು ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ. ಥೈರಾಯ್ಡ್ ವಿರುದ್ಧದ ಪ್ರತಿಕಾಯಗಳ ಪರೀಕ್ಷೆ ಅಗತ್ಯವೇ ಎಂದೂ ವೈದ್ಯರನ್ನು ಕೇಳಿ. ಪರೀಕ್ಷೆಗೆ ರಕ್ತವನ್ನು ಡಯಾಲಿಸಿಸ್ ಶುರುವಾಗುವ ಮೊದಲೇ ಕೊಡಬೇಕು, ಏಕೆಂದರೆ ಡಯಾಲಿಸಿಸ್ ವೇಳೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್‌ನಿಂದ ಫ್ರೀ ಟಿ4 (ರಕ್ತದಲ್ಲಿ ಮುಕ್ತವಾಗಿರುವ ಟಿ4) ಪ್ರಮಾಣ ಇಲ್ಲದ ಏರಿಕೆಯನ್ನು ತೋರಿಸಬಹುದು. ಅಗತ್ಯವಿಲ್ಲದ ಥೈರಾಕ್ಸಿನ್ (ಥೈರಾಯ್ಡ್ ಮಾತ್ರೆ) ಎದೆಬಡಿತವನ್ನು ಏರುಪೇರು ಮಾಡುತ್ತದೆ. ಡಯಾಲಿಸಿಸ್‌ನಲ್ಲಿರುವವರ ಹೃದಯ ಮೊದಲೇ ದಣಿದಿರುತ್ತದೆ ಎಂಬ ಕಾರಣಕ್ಕೇ ನಾನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಸುಸ್ತಿಗೂ ಚಳಿಗೂ ರಕ್ತಹೀನತೆ ಕಾರಣವಾಗಿರಬಹುದು. ಹಿಮೋಗ್ಲೋಬಿನ್ ಎಷ್ಟಿದೆ, ವಾರಕ್ಕೆ ಎರಡೇ ಡಯಾಲಿಸಿಸ್ ಸಾಕಾಗುತ್ತಿದೆಯೇ ಎಂಬುದನ್ನು ಮೂತ್ರಪಿಂಡ ತಜ್ಞರಲ್ಲಿ ಮೊದಲು ವಿಚಾರಿಸಿ.

ಮುಂದೆ ವೈದ್ಯರೇ ಥೈರಾಕ್ಸಿನ್ ಬರೆದುಕೊಟ್ಟರೆ, ಅದನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಿಯ ನೀರಿನೊಂದಿಗೆ ಕೊಟ್ಟು, ಅರ್ಧದಿಂದ ಒಂದು ಗಂಟೆ ಕಳೆದ ಮೇಲೆ ಕಾಫಿ ಕೊಡಿ. ಇಡೀ ದಿನದ ಮಾತ್ರೆಗಳನ್ನು ಅಂಗೈಗೆ ಸುರಿದುಕೊಂಡು ಕಾಫಿಯ ಜೊತೆ ಒಟ್ಟಿಗೇ ನುಂಗುವವರನ್ನು ನಾನು ಬಹಳ ನೋಡಿದ್ದೇನೆ. ರಕ್ತದಲ್ಲಿನ ರಂಜಕ (ಫಾಸ್ಫರಸ್) ತಗ್ಗಿಸಲು ಕೊಡುವ ಕ್ಯಾಲ್ಸಿಯಂ ಕಾರ್ಬೊನೇಟ್, ಸೆವೆಲಮರ್ ಹಾಗೂ ಕಬ್ಬಿಣದ ಮಾತ್ರೆಗಳು ಹೊಟ್ಟೆಯಲ್ಲೇ ಥೈರಾಕ್ಸಿನ್ನನ್ನು ಹಿಡಿದಿಟ್ಟುಕೊಳ್ಳುವುದರಿಂದ ನಡುವೆ ನಾಲ್ಕು ಗಂಟೆಯ ಅಂತರ ಬೇಕು. ಆದ್ದರಿಂದ ವೈದ್ಯರ ಬಳಿ ಹೋಗುವಾಗ ವರದಿಯೊಂದಿಗೆ ಮಾತ್ರೆಗಳ ಡಬ್ಬಿಯನ್ನೂ ಒಯ್ಯಿರಿ.